ನೂರು ಗಂಟೆಯ ಗೇಮ್, ಐನೂರು ರೂಪಾಯಿ: ಲೆಕ್ಕ ಎಲ್ಲಿ ತಪ್ಪುತ್ತೆ?

(ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ನಾಯಕನಹಟ್ಟಿಯಿಂದ ಮಾತಾಡ್ತಿದ್ದೀನಿ. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡ್ತಿರೋದ್ರಿಂದ ಬೆವರು ಒರೆಸ್ಕೊಳ್ಳೋಕೆ ಮಧ್ಯೆ ನಿಲ್ಲಿಸಿದ್ರೆ ಕ್ಷಮಿಸಿ.

ಇವತ್ತಿನ ವಿಷಯ ಒಂದು ವಾಯ್ಸ್ ಮೆಸೇಜ್‌ನಿಂದ ಹುಟ್ಟಿದ್ದು. ಕಳಿಸಿದ್ದು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿಯ ಹುಡುಗ, ಡಿಗ್ರಿ ಎರಡನೇ ವರ್ಷ. ಮನೇಲಿ ರೇಷ್ಮೆ ಸೀರೆ ಮಗ್ಗ ಇದೆ, ಮೆಸೇಜ್ ಪೂರ್ತಿ ಹಿಂದೆ ಅದರ ಸದ್ದು ಕೇಳಿಸ್ತಿತ್ತು. ಅವನ ಹತ್ರ ಐನೂರು ರೂಪಾಯಿ ಇದೆ. ವರ್ಷಕ್ಕೆ ಒಂದೇ ಗೇಮ್ ಕೊಳ್ಳೋಕೆ ಆಗೋದು. ಆರ್‌ಪಿಜಿ ಬೇಕು. ನೂರು ಗಂಟೆ ಬರೋದನ್ನ ತಗೊಳ್ಳೋದಾ, ಆರು ಗಂಟೆಗೆ ಮುಗಿದ್ರೂ ಮತ್ತೆ ಮತ್ತೆ ಆಡಬಹುದು ಅಂತಾರಲ್ಲ, ಅಂಥದ್ದನ್ನ ತಗೊಳ್ಳೋದಾ ಅಂತ ಅವನ ಪ್ರಶ್ನೆ. ಕೊನೇಲಿ ನಗ್ತಾ, ತಪ್ಪು ಆರಿಸಿದ್ರೆ ಇನ್ನೊಂದು ವರ್ಷ ಕಾಯಬೇಕು ಅಂದ. ಆ ನಗು ನನಗೆ ಸ್ವಲ್ಪ ಚುಚ್ಚಿತು.

ಗೊತ್ತಿಲ್ಲದವರಿಗೆ: ಆರ್‌ಪಿಜಿ ಅಂದ್ರೆ ರೋಲ್ ಪ್ಲೇಯಿಂಗ್ ಗೇಮ್, ಒಂದು ಪಾತ್ರ ತಗೊಂಡು ಆಡೋ ಆಟ. ಒಂದು ಊರು, ಒಂದು ಲೋಕ ಇರುತ್ತೆ. ಜನರ ಹತ್ರ ಮಾತಾಡ್ತೀರಿ, ಅವರು ಹೇಳಿದ ಕೆಲಸ ಮಾಡ್ತೀರಿ, ಮಾಡಿದಷ್ಟೂ ನಿಮ್ಮ ಪಾತ್ರದ ಶಕ್ತಿ ಬೆಳೀತಾ ಹೋಗುತ್ತೆ. ನಮ್ಮ ತಿಪ್ಪೇರುದ್ರಸ್ವಾಮಿಯವರ ‘ಮಾಡಿದಷ್ಟು ನೀಡು ಭಿಕ್ಷೆ’ ಮಾತು ಕೇಳಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಈಗ ಲೆಕ್ಕ. ನಾನು ಓದಿದ್ದು ಬಿ.ಕಾಂ., ದಿನಾ ಮಾಡೋದೂ ಲೆಕ್ಕ ಬರೆಯೋ ಕೆಲಸವೇ. ಐನೂರು ರೂಪಾಯಿಗೆ ನೂರು ಗಂಟೆ ಅಂದ್ರೆ ಗಂಟೆಗೆ ಐದು ರೂಪಾಯಿ, ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಟೀಗಿಂತ ಅಗ್ಗ. ಆರು ಗಂಟೆ ಅಂದ್ರೆ ಗಂಟೆಗೆ ಎಂಬತ್ತಮೂರು. ಹೀಗೆ ನೋಡಿದ್ರೆ ಪ್ರಶ್ನೆ ಮುಗಿದೇ ಹೋಯ್ತು. ಕಾಲೇಜಿನಲ್ಲಿದ್ದಾಗ ನಾನೂ ಇದೇ ಲೆಕ್ಕ ಹಾಕಿ ಗೇಮ್ ಕೊಂಡಿದ್ದೀನಿ.

ಆದ್ರೆ ಇದರಲ್ಲಿ ಭಾಗಿಸೋ ಸಂಖ್ಯೆನೇ ತಪ್ಪು. ಡಬ್ಬಿ ಮೇಲೆ ಬರೆದಿರೋ ಗಂಟೆ ಬೇರೆ, ನೀವು ನಿಜವಾಗಿ ಆಡೋ ಗಂಟೆ ಬೇರೆ. ಜೊತೆಗೆ ಎಲ್ಲಾ ಗಂಟೆಗೂ ಒಂದೇ ಬೆಲೆ ಇಲ್ಲ. ಪಿಯುಸಿ ಅರ್ಥಶಾಸ್ತ್ರದಲ್ಲಿ ‘ಇಳಿಮುಖ ಸೀಮಾಂತ ತುಷ್ಟಿಗುಣ’ ಅಂತ ಓದಿರ್ತೀರಲ್ಲ, ಮೊದಲನೇ ಹೋಳಿಗೆ ಕೊಟ್ಟ ಖುಷಿ ಐದನೇದು ಕೊಡಲ್ಲ ಅಂತ, ಅದೇ ಕಥೆ ಇಲ್ಲೂ. ಹತ್ತನೇ ಗಂಟೇಲಿ ಹೊಸ ಗುಹೆ ಕಂಡ್ರೆ ಮೈ ಜುಮ್ ಅನ್ನುತ್ತೆ. ಎಪ್ಪತ್ತನೇ ಗಂಟೇಲಿ ಅಂಥದ್ದೇ ಗುಹೆ ಕಂಡ್ರೆ, ಅಯ್ಯೋ ಇದನ್ನೂ ಗುಡಿಸಬೇಕಾ ಅನ್ಸುತ್ತೆ.

ನನ್ನದೇ ಹೇಳ್ತೀನಿ. ‘ದಿ ವಿಚರ್ 3’, 2015ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನವರು ಬಿಟ್ಟ ಗೇಮ್. ನಾನು ಆಡಿರೋದ್ರಲ್ಲೇ ಒಳ್ಳೇ ಬರವಣಿಗೆ ಅದರದ್ದು, ಇವತ್ತೂ ಅದೇ ಮಾತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ, ಗ್ರಾಫಿಕ್ಸ್ ಎಲ್ಲಾ ತಳಕ್ಕಿಳಿಸಿ, ಕೆಳಗೆ ಎರಡು ಇಟ್ಟಿಗೆ ಇಟ್ಟು ಗಾಳಿ ಆಡೋ ಹಾಗೆ ಮಾಡಿ ಅರವತ್ತೊಂದು ಗಂಟೆ ಆಡಿದೆ. ಆಗ ಚಳ್ಳಕೆರೇಲಿ ಕೆಲಸ ಸಿಕ್ತು. ಬೆಳಿಗ್ಗೆ ಬಸ್ಸು, ರಾತ್ರಿ ಬಸ್ಸು. ಮೂರು ವರ್ಷ ಬಿಟ್ಟು ಸೇವ್ ತೆರೆದ್ರೆ ನನ್ನ ಪಾತ್ರ, ಗೆರಾಲ್ಟ್, ಸ್ಕೆಲ್ಲಿಗೆ ದ್ವೀಪದ ದಂಡೇಲಿ ನಿಂತಿದ್ದಾನೆ. ಯಾರನ್ನ ಹುಡುಕ್ತಿದ್ದ ಅನ್ನೋದು ನೆನಪಿದೆ, ಯಾರಿಗೆ ಏನು ಮಾತು ಕೊಟ್ಟಿದ್ದ ಅನ್ನೋದು ಇಲ್ಲ. ಯಾವ ಬಟನ್ ಒತ್ತಿದ್ರೆ ಕತ್ತಿ ಬರುತ್ತೆ ಅನ್ನೋದೂ ಮರೆತಿತ್ತು. ಮೊದಲಿಂದ ಶುರು ಮಾಡೋಣ ಅಂದ್ರೆ ಅರವತ್ತೊಂದು ಗಂಟೆ ಹೋಯ್ತಲ್ಲ ಅನ್ನೋ ಸಂಕಟ. ಮುಂದುವರಿಸೋಣ ಅಂದ್ರೆ ಯಾರದ್ದೋ ಮನೆಗೆ ನುಗ್ಗಿದ ಹಾಗೆ. ಮುಚ್ಚಿಟ್ಟೆ. ನನ್ನ ಮಟ್ಟಿಗೆ ಆ ಗೇಮ್‌ಗೆ ಅಂತ್ಯವೇ ಇಲ್ಲ.

ಇದು ನನ್ನೊಬ್ಬರ ಸೋಮಾರಿತನ ಅಂದ್ಕೊಂಡಿದ್ದೆ. ಅಲ್ಲ. ಅದೇ ಕಂಪನಿ 2020ರಲ್ಲಿ ‘ಸೈಬರ್‌ಪಂಕ್ 2077’ ತಂದಾಗ, ಅದರ ಮುಖ್ಯ ಕಥೇನ ವಿಚರ್ 3ಕ್ಕಿಂತ ಬೇಕಂತಲೇ ಸ್ವಲ್ಪ ಚಿಕ್ಕದು ಮಾಡಿದ್ದೀವಿ ಅಂತ ಹೇಳಿತು. ವಿಚರ್ ಉದ್ದ ಜಾಸ್ತಿ ಆಯ್ತು ಅಂತ ಆಟಗಾರರು ದೂರಿದ್ರು, ಬಹಳ ದೂರ ಹೋದವರೂ ಕೊನೆ ಮುಟ್ಟಿಲ್ಲ ಅನ್ನೋದು ಅವರ ಅಂಕಿಅಂಶದಲ್ಲೇ ಕಾಣಿಸ್ತಿತ್ತು.

ಇದಕ್ಕೆ ಉಲ್ಟಾ ಇನ್ನೊಂದು. 2022ರ ಜನವರಿಯಲ್ಲಿ ಟೆಕ್‌ಲ್ಯಾಂಡ್ ಕಂಪನಿ ‘ಡೈಯಿಂಗ್ ಲೈಟ್ 2’ ಬಿಡೋ ಮುಂಚೆ, ಪೂರ್ತಿ ಮುಗಿಸೋಕೆ ಕನಿಷ್ಠ 500 ಗಂಟೆ ಬೇಕು ಅಂತ ಹೆಮ್ಮೆಯಿಂದ ಟ್ವೀಟ್ ಮಾಡಿತು. ಜನ ಚಪ್ಪಾಳೆ ಹೊಡೀತಾರೆ ಅಂದ್ಕೊಂಡ್ರೇನೋ. ಬಂದಿದ್ದು ಬೈಗುಳ. ಆಮೇಲೆ ಕಂಪನಿನೇ, ಇಲ್ಲಪ್ಪ, ಮುಖ್ಯ ಕಥೆ ಇಪ್ಪತ್ತು ಗಂಟೇಲಿ ಮುಗಿಯುತ್ತೆ ಅಂತ ಸಮಜಾಯಿಷಿ ಕೊಡಬೇಕಾಯ್ತು. 500 ಗಂಟೆ ಅಂದ್ರೆ ದಿನಕ್ಕೆ ಒಂದು ಗಂಟೆ ಸಿಗೋ ಮನುಷ್ಯನಿಗೆ ಒಂದು ವರ್ಷ ನಾಲ್ಕೂವರೆ ತಿಂಗಳು.

ಉದ್ದ ತಿಳ್ಕೊಳ್ಳೋಕೆ ‘ಹೌ ಲಾಂಗ್ ಟು ಬೀಟ್’ ಅನ್ನೋ ವೆಬ್‌ಸೈಟ್ ಇದೆ. ಆಟಗಾರರೇ ತಮ್ಮ ಸಮಯ ಹಾಕ್ತಾರೆ. ಒಂದೊಂದು ಗೇಮ್‌ಗೂ ಮೂರು ಅಂಕಿ ಸಿಗುತ್ತೆ: ಬರೀ ಮುಖ್ಯ ಕಥೆ, ಕಥೆ ಜೊತೆ ಒಂದಿಷ್ಟು ಉಪಕಥೆ, ಕೊನೇದು ಮೂಲೆಮೂಲೆ ಬಿಡದೆ ಆಡೋದು. ವಿಚರ್ 3ಕ್ಕೆ ಇವು ಸುಮಾರು 50, 100, 170. ಜಾಹೀರಾತಿನವರು ಯಾವಾಗ್ಲೂ ಕೊನೇ ಅಂಕಿ ಕೂಗ್ತಾರೆ. ನೀವು ಮೊದಲನೇದನ್ನ ನೋಡಿ.

ಆದ್ರೆ ಅಲ್ಲೂ ಒಂದು ಗುಟ್ಟಿದೆ. ಆ ಸಮಯ ಹಾಕೋರಲ್ಲಿ ಹೆಚ್ಚಿನವರು ಇಂಗ್ಲಿಷ್ ಸಲೀಸಾಗಿ ಓದೋರು. ಆರ್‌ಪಿಜಿ ಅಂದ್ರೆ ಮಾತು, ಮಾತು, ಮಾತು. 2019ರ ‘ಡಿಸ್ಕೋ ಎಲಿಸಿಯಂ’ ಒಂದರಲ್ಲೇ ಹತ್ತು ಲಕ್ಷದಷ್ಟು ಪದ ಇದೆ. ನಾನು ಇವತ್ತು ಹೆಸರು ಹೇಳ್ತಿರೋ ಯಾವ ಗೇಮ್‌ನಲ್ಲೂ ಕನ್ನಡ ಇಲ್ಲ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರು ಒಂದೊಂದು ಸಂಭಾಷಣೆನೂ ಎರಡೆರಡು ಸಲ ಓದ್ತೀವಿ, ಮಧ್ಯೆ ಮೊಬೈಲ್‌ನಲ್ಲಿ ಅರ್ಥ ಹುಡುಕ್ತೀವಿ. ಅವರ ಐವತ್ತು ಗಂಟೆ ನಮಗೆ ಎಪ್ಪತ್ತು ಆದ್ರೂ ಆಶ್ಚರ್ಯ ಇಲ್ಲ. ಇದರಲ್ಲಿ ನಾಚಿಕೆ ಪಡೋದೇನೂ ಇಲ್ಲ, ಲೆಕ್ಕಕ್ಕೆ ಸೇರಿಸ್ಕೊಳ್ಳಿ ಅಷ್ಟೇ. ಇನ್ನು ಡೌನ್‌ಲೋಡ್. ‘ಬಾಲ್ಡರ್ಸ್ ಗೇಟ್ 3’ಕ್ಕೆ 150 ಜಿಬಿ ಜಾಗ ಬೇಕು. ದಿನಕ್ಕೆ 2 ಜಿಬಿ ಕೊಡೋ ಮೊಬೈಲ್ ಪ್ಲಾನ್‌ನಲ್ಲಿ ಅಷ್ಟನ್ನೂ ಇಳಿಸೋದಾದ್ರೆ ಎಪ್ಪತ್ತೈದು ದಿನ, ಆಟ ಶುರುವಾಗೋ ಮೊದಲೇ ಎರಡೂವರೆ ತಿಂಗಳು! ‘ಅಂಡರ್‌ಟೇಲ್’ ಕೇಳೋದು 200 ಎಂಬಿ.

ಸರಿ, ಚಿಕ್ಕ ಗೇಮ್ ಆರು ಗಂಟೆಗೆ ಮುಗೀತು. ಮತ್ತೆ ಆಡೋಕೆ ಏನಿದೆ? ಕಥೆ ಗೊತ್ತಾದ್ಮೇಲೆ ಯಾಕೆ ಆಡಬೇಕು?

ನಮ್ಮ ಕಡೆಯವರು ಈ ಪ್ರಶ್ನೆ ಕೇಳಲೇಬಾರದು. ಕುರುಕ್ಷೇತ್ರ ನಾಟಕದ ಕಥೆ ಯಾರಿಗೆ ಗೊತ್ತಿಲ್ಲ? ದುರ್ಯೋಧನ ಸೋಲ್ತಾನೆ ಅಂತ ಗೊತ್ತಿದ್ದೂ ರಾತ್ರಿಯೆಲ್ಲಾ ಕೂತು ನೋಡ್ತೀವಿ, ಮುಂದಿನ ವರ್ಷ ಪಕ್ಕದೂರಲ್ಲಿ ಆಡಿದ್ರೆ ಅಲ್ಲಿಗೂ ಹೋಗ್ತೀವಿ. ಯಾಕಂದ್ರೆ ಈ ಸಲ ದುರ್ಯೋಧನ ಬೇರೆ. ಹೋದ ವರ್ಷದವನು ಬರೀ ಅಬ್ಬರಿಸಿದ, ಈ ವರ್ಷದವನ ಕಂಠ ಕೇಳಿ ಜನ ಒನ್ಸ್‌ಮೋರ್ ಅಂತಾರೆ. ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡೋರೇ ದುಡ್ಡು ಕೊಟ್ಟು ಪಾತ್ರ ತಗೋತಾರೆ, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಹಾರ್ಮೋನಿಯಂ ಮೇಷ್ಟ್ರ ಹತ್ರ ತಿಂಗಳುಗಟ್ಟಲೆ ಕಲಿತು ಒಂದೇ ರಾತ್ರಿ ಆಡೋದು. ದುಡ್ಡು ಕೊಟ್ಟು ಪಾತ್ರ ತಗೊಂಡು ಆಡೋದು, ಆರ್‌ಪಿಜಿಗೆ ಇದಕ್ಕಿಂತ ಒಳ್ಳೇ ವಿವರಣೆ ನನಗೆ ಸಿಕ್ಕಿಲ್ಲ. ಅಲ್ಲಿ ಯಾರೂ ಗಂಟೆಗೆ ಎಷ್ಟು ರೂಪಾಯಿ ಬಿತ್ತು ಅಂತ ಕೇಳಲ್ಲ. ಹೆಂಡತಿ ಕೇಳಬಹುದು, ಅದು ಬೇರೆ.

ಅಂದ್ರೆ ಎರಡನೇ ಸಲದ ಆಟಕ್ಕೆ ಅರ್ಥ ಬರೋದು ಪಾತ್ರ ಬದಲಾದಾಗ. ಗೇಮ್‌ನಲ್ಲಿ ಇದು ಆಗಬೇಕಾದ್ರೆ ನೀವು ಮಾಡಿದ್ದನ್ನ ಆ ಲೋಕ ನೆನಪಿಟ್ಕೊಬೇಕು. ಅಂಡರ್‌ಟೇಲ್ ಇದಕ್ಕೆ ಒಳ್ಳೇ ಉದಾಹರಣೆ. 2015ರಲ್ಲಿ ಬಂದಿದ್ದು, ಬಹುಪಾಲು ಟೋಬಿ ಫಾಕ್ಸ್ ಅನ್ನೋ ಒಬ್ಬರೇ ಮಾಡಿದ್ದು. ಇದರಲ್ಲಿ ಎದುರಿಗೆ ಬರೋ ರಾಕ್ಷಸರನ್ನ ಕೊಲ್ಲಲೂಬಹುದು, ಮಾತಾಡಿಸಿ ಬಿಡಲೂಬಹುದು. ಶುರುವಿನಲ್ಲೇ ತಾಯಿ ತರ ನೋಡ್ಕೊಳ್ಳೋ ಒಂದು ಪಾತ್ರ ಇದೆ. ನಾನು ಗೊತ್ತಾಗದೆ ಅವಳನ್ನ ಕೊಂದೆ. ಅಯ್ಯೋ ಅಂತ ಹಳೇ ಸೇವ್ ತೆರೆದು ಈ ಸಲ ಉಳಿಸಿದೆ. ಮುಂದಿನ ದೃಶ್ಯದಲ್ಲಿ ಒಂದು ಹೂವು ಬಂದು, ನೀನು ಏನು ಮಾಡಿದ್ದೆ, ಆಮೇಲೆ ಏನು ಮಾಡಿದೆ ಅಂತ ನಂಗೊತ್ತು ಅನ್ನೋ ಹಾಗೆ ಮಾತಾಡ್ತು. ರಾತ್ರಿ ಹನ್ನೊಂದು ಗಂಟೆ, ಕರೆಂಟ್ ಬೇರೆ ಹೋಗಿತ್ತು, ನಿಜಕ್ಕೂ ಹೆದರಿದೆ. ಎಲ್ಲರನ್ನೂ ಕೊಂದು ಒಮ್ಮೆ ಮುಗಿಸಿದ್ರೆ, ಆಮೇಲೆ ಎಷ್ಟೇ ಒಳ್ಳೆಯವರಾಗಿ ಆಡಿದ್ರೂ ಆ ಕಲೆ ಅಂತ್ಯದಲ್ಲಿ ಉಳಿದಿರುತ್ತೆ. ಆರು ಗಂಟೆಯ ಗೇಮ್ ಇದು. ನಾನು ಮೂರು ಸಲ ಆಡಿದ್ದೀನಿ, ಮೂರೂ ಸಲ ಮುಗಿಸಿದ್ದೀನಿ.

ನಮ್ಮ ದೇಶದ್ದೂ ಒಂದಿದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ: ‘ಅನ್‌ರೆಸ್ಟ್’, 2014. ಪೈರೋಡ್ಯಾಕ್ಟಿಲ್ ಗೇಮ್ಸ್ ಅನ್ನೋ ಪುಟ್ಟ ತಂಡ ಕಿಕ್‌ಸ್ಟಾರ್ಟರ್‌ನಲ್ಲಿ 3,000 ಡಾಲರ್ ಕೇಳಿ, ಹತ್ತು ಪಟ್ಟಿಗಿಂತ ಹೆಚ್ಚು ಎತ್ತಿ ಮಾಡಿದ್ದು. ಪ್ರಾಚೀನ ಭಾರತದ ಹಾಗೆ ಕಾಣೋ ಭೀಮ್ರಾ ಅನ್ನೋ ನಗರ, ಅಲ್ಲಿ ಬರಗಾಲ, ಹಸಿವು. ಮನೆಯವರು ಗೊತ್ತು ಮಾಡಿದ ಮದುವೆ ಎದುರಿಗಿರೋ ಹಳ್ಳಿ ಹುಡುಗಿಯಾಗಿ ಒಮ್ಮೆ, ಅರಸುಮಗಳಾಗಿ ಒಮ್ಮೆ, ನಾಗರ ರಾಯಭಾರಿಯಾಗಿ ಒಮ್ಮೆ, ಹೀಗೆ ಪಾತ್ರ ಬದಲಾಗ್ತಾ ಹೋಗುತ್ತೆ. ಕತ್ತಿ ಎತ್ತೋದು ಕಡಿಮೆ, ಮಾತೇ ಎಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಕೂತು ಬರದ ಊರಿನ ಕಥೆ ಆಡೋವಾಗ ಒಂಥರಾ ಅನ್ಸುತ್ತೆ. ಕೆಲವೇ ಗಂಟೆಗೆ ಮುಗಿದುಹೋಗುತ್ತೆ. ಚಿಕ್ಕದಾಯ್ತು ಅನ್ನೋ ದೂರು ಅದರ ಮೇಲೂ ಇದೆ, ಅದು ಪೂರ್ತಿ ಸುಳ್ಳಲ್ಲ. ಒಂದೆರಡು ಪಾತ್ರ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು. ಚಿಕ್ಕದೆಲ್ಲಾ ಚೊಕ್ಕ ಅಂತ ನಾನು ಹೇಳ್ತಿಲ್ಲ.

ದೊಡ್ಡ ಗೇಮ್‌ಗಳಿಗೂ ನೆನಪಿನ ಶಕ್ತಿ ಇದೆ. ವಿಚರ್ 3ರಲ್ಲೇ, ಮಗಳ ತರದ ಸಿರಿ ಬೇಜಾರಾಗಿ ಕೂತಿರುವಾಗ ಅವಳ ಜೊತೆ ಹಿಮದ ಉಂಡೆ ಎಸೆದಾಡಿದ್ರಾ, ಕೂತು ಕುಡಿದ್ರಾ ಅನ್ನೋ ಚಿಕ್ಕ ಆಯ್ಕೆ ಕಥೆಯ ಅಂತ್ಯಕ್ಕೆ ಲೆಕ್ಕ ಆಗುತ್ತೆ. ಇದು ನನಗೆ ಯೂಟ್ಯೂಬ್‌ನಿಂದ ಗೊತ್ತಾಗಿದ್ದು, ನಾನು ಅಲ್ಲಿಗೆ ತಲುಪಿಲ್ಲವಲ್ಲ. ಬಾಲ್ಡರ್ಸ್ ಗೇಟ್ 3 ಬರೋ ಮುಂಚೆ, 2023ರಲ್ಲಿ, ಅದರ ಅಂತ್ಯಕ್ಕೆ 17,000 ರೂಪಾಂತರ ಇದೆ ಅಂತ ತಯಾರಕರು ಹೇಳಿದ್ರು. ಅವುಗಳಲ್ಲಿ ಹೆಚ್ಚಿನವು ಸಣ್ಣಪುಟ್ಟ ವ್ಯತ್ಯಾಸದವು. ಇರಲಿ, ಒಂದು ಅಂತ್ಯ ನೋಡೋಕೇ ವರ್ಷ ಹಿಡಿಯೋನಿಗೆ ಎರಡನೇದು ಇದ್ರೆಷ್ಟು, ಬಿಟ್ರೆಷ್ಟು? 1995ರ ‘ಕ್ರೋನೋ ಟ್ರಿಗರ್’ ಇದಕ್ಕೆ ಚೆನ್ನಾಗಿ ದಾರಿ ಮಾಡಿತ್ತು. ಒಮ್ಮೆ ಮುಗಿಸಿದ್ರೆ, ಗಳಿಸಿದ ಶಕ್ತಿಯೆಲ್ಲಾ ಇಟ್ಕೊಂಡೇ ಮೊದಲಿಂದ ಶುರು. ‘ನ್ಯೂ ಗೇಮ್ ಪ್ಲಸ್’ ಅನ್ನೋ ಹೆಸರು ಬಂದಿದ್ದೇ ಅದರಿಂದ. ಎರಡನೇ ಸಲ ಸರಸರ ಓಡಿಸ್ಕೊಂಡು ಹೋಗಿ ಬೇರೆ ಅಂತ್ಯ ನೋಡಬಹುದು.

ಮತ್ತೆ ಮತ್ತೆ ಆಡೋದನ್ನ ಆಟಗಾರರೇ ಹುಟ್ಟಿಸ್ಕೊಂಡಿದ್ದೂ ಇದೆ. ಪೋಕೆಮಾನ್‌ಗೆ ‘ನಜ್‌ಲಾಕ್’ ಅನ್ನೋ ನಿಯಮ, 2010ರಲ್ಲಿ ಒಬ್ಬ ಆಟಗಾರ ಬರೆದ ಕಾಮಿಕ್‌ನಿಂದ ಹರಡಿದ್ದು. ಒಂದು ಜಾಗದಲ್ಲಿ ಮೊದಲು ಸಿಕ್ಕ ಪೋಕೆಮಾನ್ ಮಾತ್ರ ಹಿಡೀಬೇಕು, ಅದು ಮೂರ್ಛೆ ಹೋದ್ರೆ ಸತ್ತ ಹಾಗೆ, ಮತ್ತೆ ಬಳಸೋ ಹಾಗಿಲ್ಲ. ನನ್ನ ಚಿಕ್ಕಪ್ಪನ ಮಗ ಹಿಂಗೆ ಆಡ್ತಾ ಒಂದು ಇಲಿ ಸತ್ತಿದ್ದಕ್ಕೆ ರಾತ್ರಿ ಊಟ ಬಿಟ್ಟಿದ್ದ.

ಒಂದು ವ್ಯಾಪಾರದ ಮಾತು. ಸ್ಟೀಮ್‌ನಲ್ಲಿ ಕೊಂಡ ಗೇಮ್‌ನ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ನಮಗೆ ಅನುಕೂಲ. ಆದ್ರೆ 2021ರಲ್ಲಿ ‘ಸಮ್ಮರ್ ಆಫ್ 58’ ಅನ್ನೋ ಪುಟ್ಟ ಹಾರರ್ ಗೇಮ್ ಮಾಡಿದ ತಯಾರಕರು, ಗೇಮ್ ಎರಡು ಗಂಟೆ ಒಳಗೇ ಮುಗಿಯೋದ್ರಿಂದ ಮೆಚ್ಚಿದವರೂ ಮುಗಿಸಿ ರಿಫಂಡ್ ತಗೊಳ್ತಿದ್ದಾರೆ, ನಾನು ಗೇಮ್ ಮಾಡೋದನ್ನೇ ಬಿಡ್ತೀನಿ ಅಂದ್ರು. ಗಂಟೆ ಲೆಕ್ಕದ ಇನ್ನೊಂದು ಮುಖ ಇದು. ಊಟ ಮಾಡಿ, ಎಲೆ ಎತ್ತಿ, ಬೇಗ ಮುಗೀತು ಅಂತ ದುಡ್ಡು ವಾಪಸ್ ಕೇಳಿದ ಹಾಗೆ.

ಈಗ ಮೊಳಕಾಲ್ಮೂರು ತಮ್ಮನಿಗೆ ಉತ್ತರ. ಮೊದಲು ನಿನಗೆ ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಸಿಗುತ್ತೆ ಅಂತ ಬರೆದಿಡು. ಕಾಲೇಜು, ಮಗ್ಗದ ಕೆಲಸ, ಪರೀಕ್ಷೆ ಎಲ್ಲಾ ಕಳೆದು. ವಾರಕ್ಕೆ ನಾಲ್ಕು ಗಂಟೆ ಅಂದ್ರೆ ಎಪ್ಪತ್ತು ಗಂಟೆಯ ಗೇಮ್‌ಗೆ ನಾಲ್ಕು ತಿಂಗಳ ಮೇಲೆ. ಅಷ್ಟು ದಿನ ಕಥೆ ತಲೇಲಿ ಇಟ್ಕೊತೀನಿ ಅನ್ನೋ ನಂಬಿಕೆ ಇದ್ರೆ, ಸೇಲ್ ಬರೋವರೆಗೆ ಕಾದು ವಿಚರ್ ತಗೋ, ಹಳೇ ಗೇಮ್ ಆದ್ರಿಂದ ಐನೂರರೊಳಗೆ ಬಂದಿದ್ದುಂಟು. ಸ್ಟೀಮ್‌ನಲ್ಲಿ ಗೇಮ್‌ಗೆ ‘ಅಚೀವ್‌ಮೆಂಟ್’ ಪುಟ ಇದ್ರೆ ಅದನ್ನ ತೆರೆದು ಕೊನೇ ಅಧ್ಯಾಯ ಮುಗಿಸಿದವರು ಶೇಕಡಾ ಎಷ್ಟು ಅಂತಾನೂ ನೋಡು. ನಿನ್ನ ಲ್ಯಾಪ್‌ಟಾಪ್ ನನ್ನದರ ತರದ್ದೇ ಆಗಿದ್ರೆ, ನಾನು ಹೇಳೋದು ಅಂಡರ್‌ಟೇಲ್. ಐನೂರರಲ್ಲಿ ಚಿಲ್ಲರೆನೂ ಉಳಿಯುತ್ತೆ. ಮೊದಲ ಸಲ ಯಾವ ವಿಡಿಯೋನೂ ನೋಡದೆ ಆಡು.

ತಗೊಂಡ ಮೇಲೆ ಒಂದು ಮೆಸೇಜ್ ಹಾಕು, ಹಿಂದೆ ಮಗ್ಗದ ಸದ್ದು ಇದ್ರೂ ಪರವಾಗಿಲ್ಲ. ಮಾರ್ಚ್‌ನಲ್ಲಿ ನಮ್ಮೂರ ತೇರಿಗೆ ಎರಡು ದಿನ ರಜೆ ಹಾಕ್ತೀನಿ. ಮನೆ ತುಂಬಾ ನೆಂಟರಿರ್ತಾರೆ, ಆದ್ರೂ ಗೆರಾಲ್ಟ್‌ನ ಆ ದಂಡೆಯಿಂದ ಎಬ್ಬಿಸೋಕೆ ಆಗುತ್ತಾ ನೋಡ್ತೀನಿ. ಮೊದಲು ಕತ್ತಿ ಬಟನ್ ಯಾವುದು ಅಂತ ಹುಡುಕಬೇಕು. ಬರ್ತೀನಿ, ನಮಸ್ಕಾರ.