ಕಾರಿನ ಗಾಜಿಗೆ ಅಂಟಿದ ಚೀಟಿ ಯಾರಿಗೆಲ್ಲ ಏನು ಹೇಳುತ್ತದೆ?

ಕಾಸರಗೋಡು: ಸಿಗ್ನಲ್‌ನಲ್ಲಿ ನಿಂತ ಕಾರಿನ ಗಾಜು ಒರೆಸುವ ಹುಡುಗ, ಕೈಗೆ ಕಟ್ಟಿದ ವಾಚನ್ನು ಫಾಸ್ಟ್ಯಾಗ್ ಚೀಟಿಯ ಮೇಲೆ ಆಡಿಸಿ ಹಣ ಕದಿಯುತ್ತಾನೆ ಎಂಬ ವೀಡಿಯೊವೊಂದು 2022ರ ಜೂನ್ ತಿಂಗಳಲ್ಲಿ ದೇಶವಿಡೀ ಹರಿದಾಡಿತ್ತು. ಅದು ನಟಿಸಿ ತೆಗೆದ ವೀಡಿಯೊ. ಹಾಗೆ ಹಣ ಕದಿಯಲು ಸಾಧ್ಯವಿಲ್ಲ ಎಂದು ರಾಷ್ಟ್ರೀಯ ಪಾವತಿ ನಿಗಮವೂ ಆಗಲೇ ಸ್ಪಷ್ಟಪಡಿಸಿತು. ಹಾಗಿದ್ದರೂ ಗಾಜಿನ ಒಳಬದಿಗೆ ಪ್ಲಾಸ್ಟಿಕ್ ಹಾಳೆ ಮರೆಮಾಡಿಕೊಂಡು, ಟೋಲ್ ಬಂದಾಗ ಮಾತ್ರ ಸರಿಸುವವರು ಇದ್ದಾರೆ.

ತಲಪಾಡಿ ಟೋಲ್ ದಾಟಿ ಮಂಗಳೂರಿನ ಆಸ್ಪತ್ರೆಗೆ, ಕಾಲೇಜಿಗೆ, ವಿಮಾನ ನಿಲ್ದಾಣಕ್ಕೆ ಹೋಗಿ ಬರುವುದು ನಮ್ಮ ಗಡಿನಾಡಿನವರಿಗೆ ನಿತ್ಯದ ವ್ಯವಹಾರ. 2021ರ ಫೆಬ್ರವರಿ ಮಧ್ಯಭಾಗದಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಆದುದರಿಂದ ಈ ಚೀಟಿಯಲ್ಲಿ ಭಯಪಡಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ಸ್ವಲ್ಪ ವಿವರವಾಗಿ ನೋಡೋಣ.

ಇದರ ಹಿಂದಿರುವ ತಂತ್ರಜ್ಞಾನಕ್ಕೆ ಆರ್‌ಎಫ್‌ಐಡಿ ಎಂದು ಹೆಸರು. ರೇಡಿಯೊ ಅಲೆಗಳ ಮೂಲಕ ಗುರುತು ಹಿಡಿಯುವ ವಿಧಾನ ಎಂದು ಇದರ ಅರ್ಥ. ಇದರಲ್ಲಿ ಇರುವುದು ಎರಡೇ ಭಾಗ: ಟ್ಯಾಗ್ ಮತ್ತು ರೀಡರ್. ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆ ಹೊಳೆಯುವುದಿಲ್ಲವೇ, ಸುಮಾರಾಗಿ ಹಾಗೆಯೇ ಇದು. ಟೋಲ್‌ನ ಮೇಲೆ ತೂಗುವ ರೀಡರ್ ಅಲೆಗಳನ್ನು ಬಿಡುತ್ತದೆ. ಅದೇ ಅಲೆಯ ಶಕ್ತಿಯಿಂದ ಚೀಟಿಯೊಳಗಿನ ಸಾಸಿವೆಗಿಂತ ಸಣ್ಣ ಚಿಪ್ ಎಚ್ಚರಗೊಂಡು, ತನ್ನ ಸಂಖ್ಯೆಯನ್ನು ಅಲೆಯ ಮೇಲೆಯೇ ಹೊರಿಸಿ ಹಿಂದಕ್ಕೆ ಕಳುಹಿಸುತ್ತದೆ. ಇದು ನಡೆಯುವುದು 865ರಿಂದ 867 ಮೆಗಾಹರ್ಟ್ಸ್ ನಡುವೆ, ಕೆಲವು ಮೀಟರ್ ದೂರದಿಂದ. ತಾಗಿಸಿ ಹಣ ಕೊಡುವ ಬ್ಯಾಂಕ್ ಕಾರ್ಡ್ ಬಳಸುವುದು 13.56 ಮೆಗಾಹರ್ಟ್ಸ್, ಅದನ್ನು ಓದಲು ಕೆಲವೇ ಸೆಂಟಿಮೀಟರ್ ಹತ್ತಿರ ಹಿಡಿಯಬೇಕು. ವೀಡಿಯೊದ ಹುಡುಗನ ವಾಚಿಗೆ ಫಾಸ್ಟ್ಯಾಗ್‌ನ ಭಾಷೆಯೇ ಬರುವುದಿಲ್ಲ ಎಂದರೂ ಸರಿಯೇ.

ಒಂದು ವೇಳೆ ಸರಿಯಾದ ರೀಡರನ್ನೇ ತಂದು ಸಂಖ್ಯೆ ಓದಿದನೆನ್ನಿ. ಆಗಲೂ ಹಣ ಸಿಗದು. ಏಕೆಂದರೆ ಹಣ ಚೀಟಿಯಲ್ಲಿಲ್ಲ, ಬ್ಯಾಂಕಿನಲ್ಲಿದೆ. ನೋಂದಾಯಿತ ಟೋಲ್ ಅಥವಾ ಪಾರ್ಕಿಂಗ್ ಕೇಂದ್ರ, ಅನುಮತಿ ಪಡೆದ ಜಾಲದ ಮೂಲಕ ಕೇಳಿದರೆ ಮಾತ್ರ ಬ್ಯಾಂಕ್ ಹಣ ಬಿಡುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಹೋಗುವ ದಾರಿಯೇ ಈ ವ್ಯವಸ್ಥೆಯಲ್ಲಿಲ್ಲ.

ಹಾಗಾದರೆ ನಿಶ್ಚಿಂತೆಯೇ? ಇಲ್ಲ. ಕಳವಿನ ಗದ್ದಲದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಹಿಂದೆ ಉಳಿದಿದೆ. ನಮ್ಮ ಓಡಾಟದ ಲೆಕ್ಕ ಯಾರ ಬಳಿ ಇರುತ್ತದೆ ಎಂಬುದೇ ಆ ಪ್ರಶ್ನೆ.

ಸಾಮಾನ್ಯ ಟ್ಯಾಗ್ ಎಂದರೆ ದಾರಿಯಲ್ಲಿ ಯಾರು ಕೇಳಿದರೂ ಮನೆಯ ಹೆಸರು ಹೇಳಿಬಿಡುವ ಮಗುವಿನ ಹಾಗೆ. ಕೇಳಿದವರು ಯಾರು, ಯಾಕೆ ಕೇಳಿದರು ಎಂದು ಅದಕ್ಕೆ ತಿಳಿಯದು. ಅದು ಹೇಳುವುದು ಬರೀ ಸಂಖ್ಯೆಯೇ ಇರಬಹುದು. ಆದರೆ ಅದೇ ಸಂಖ್ಯೆ ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಕಂಡಾಗ ಹೆಜ್ಜೆಗುರುತು ಮೂಡುತ್ತದೆ. ಒಮ್ಮೆ ಆ ಸಂಖ್ಯೆಗೆ ಹೆಸರು ಜೋಡಿಸಿದರೆ ಹಿಂದಿನ ಹೆಜ್ಜೆಗಳೂ ಅದೇ ಹೆಸರಿಗೆ ಸೇರುತ್ತವೆ. ಯಾವ ಆಸ್ಪತ್ರೆಯ ಕಡೆಗೆ ವಾರಕ್ಕೆ ಎಷ್ಟು ಬಾರಿ ಎಂಬುದು ಮನೆಯ ಮಾತೇ ಹೊರತು ಊರಿನ ಮಾತಲ್ಲ. ನಂಬರ್ ಪ್ಲೇಟ್ ಹೇಗೂ ಎಲ್ಲರಿಗೂ ಕಾಣುತ್ತದಲ್ಲ ಎಂದು ಕೇಳುವವರಿದ್ದಾರೆ. ಕಾಣುತ್ತದೆ, ಈಗ ಕ್ಯಾಮರಾಗಳೂ ಅದನ್ನು ಓದುತ್ತವೆ. ಆದರೆ ಪ್ಲೇಟನ್ನು ಯಾರಾದರೂ ನೋಡಬೇಕು. ಟ್ಯಾಗ್ ತಾನಾಗಿಯೇ ಹೇಳುತ್ತದೆ, ಹೇಳಿದ್ದು ನಮಗೆ ಗೊತ್ತೂ ಆಗುವುದಿಲ್ಲ.

ಅಮೆರಿಕದ ನ್ಯೂಯಾರ್ಕಿನಲ್ಲಿ ಇದನ್ನು ಒಬ್ಬ ತಂತ್ರಜ್ಞ ತಮಾಷೆಯಾಗಿ ತೋರಿಸಿಕೊಟ್ಟ. ಅಲ್ಲಿನ ಟೋಲ್ ಟ್ಯಾಗ್‌ಗೆ ಇ-ಜಡ್‌ಪಾಸ್ ಎಂದು ಹೆಸರು. ಟ್ಯಾಗನ್ನು ಯಾರಾದರೂ ಓದಿದ ಕೂಡಲೇ ಆಟಿಕೆ ಹಸುವೊಂದು ‘ಅಂಬಾ’ ಎನ್ನುವಂತೆ ತಂತಿ ಜೋಡಿಸಿ ಆತ ನಗರದಲ್ಲಿ ಕಾರು ಓಡಿಸಿದ. ಟೋಲ್ ಇಲ್ಲದ ಬೀದಿಗಳಲ್ಲೂ ಹಸು ಕೂಗಿತು! ಸಂಚಾರದ ವೇಗ ಅಳೆಯಲು ನಗರಾಡಳಿತವೇ ಅಲ್ಲಲ್ಲಿ ರೀಡರ್ ಇಟ್ಟಿತ್ತು. 2013ರಲ್ಲಿ ಇದು ಸುದ್ದಿಯಾದಾಗ, ಟ್ಯಾಗ್ ಸಂಖ್ಯೆಯನ್ನು ಗುರುತು ಸಿಗದಂತೆ ಬದಲಿಸಿಯೇ ಬಳಸುತ್ತೇವೆ ಎಂಬ ಸಮಜಾಯಿಷಿ ಬಂತು. ಅದು ನಿಜವೇ ಇರಬಹುದು. ಆದರೆ ಟೋಲ್‌ಗೆಂದು ಕೊಂಡ ಟ್ಯಾಗ್ ಬೇರೆ ಕೆಲಸಕ್ಕೂ ಬಳಕೆಯಾಗುತ್ತಿದೆ ಎಂದು ಹಸು ಕೂಗುವವರೆಗೆ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಮಕ್ಕಳ ವಿಚಾರದಲ್ಲಿ ಪೋಷಕರು ಬೇಗ ಎಚ್ಚೆತ್ತ ಉದಾಹರಣೆಯೂ ಇದೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಸಟರ್ ಎಂಬ ಸಣ್ಣ ಊರಿನ ಶಾಲೆ, ಹಾಜರಿಗೆಂದು ಮಕ್ಕಳ ಕೊರಳಿಗೆ ಆರ್‌ಎಫ್‌ಐಡಿ ಬಿಲ್ಲೆ ಕಟ್ಟಿತು. ತಂದೆತಾಯಂದಿರು ಪ್ರತಿಭಟಿಸಿದ ಮೇಲೆ ಕೆಲವೇ ವಾರಗಳಲ್ಲಿ ಅದು ನಿಂತಿತು. ನಮ್ಮ ಕಡೆಯ ಶಾಲೆಗಳೂ ಇಂಥ ಕಾರ್ಡ್ ಕೊಡಲು ಹೊರಟರೆ, ಹಾಜರಿ ವಿವರ ಎಷ್ಟು ದಿನ ಇಡುತ್ತೀರಿ, ಕಾರ್ಡ್ ಮಾಡಿಕೊಟ್ಟ ಕಂಪೆನಿಗೂ ಅದು ಕಾಣುತ್ತದೆಯೇ ಎಂದು ರಕ್ಷಕರ ಸಭೆಯಲ್ಲಿ ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ರಕ್ಷಣೆಯ ಉಪಾಯಗಳು. ಬಟ್ಟೆ ಅಂಗಡಿಯ ಟ್ಯಾಗ್‌ಗಳಿಗೆ ‘ಕೊಲ್ಲುವ ಆಜ್ಞೆ’ ಎಂಬುದೊಂದಿದೆ. ಬಿಲ್ ಆದ ಮೇಲೆ 32 ಬಿಟ್‌ಗಳ ಗುಪ್ತಪದ ಕೊಟ್ಟು ಟ್ಯಾಗನ್ನು ಶಾಶ್ವತವಾಗಿ ಮೌನವಾಗಿಸಬಹುದು. ಆದರೆ ಅಂಗಡಿಯವರು ಅದನ್ನು ಮಾಡಬೇಕಲ್ಲ! ಬೆಲೆಚೀಟಿಯೊಳಗೆ ಬೆಳ್ಳಿಬಣ್ಣದ ಸುರುಳಿ ಕಂಡರೆ ಮನೆಯಲ್ಲಿ ಕತ್ತರಿಸಿ ಎಸೆಯುವುದೇ ಸುಲಭ. ಬ್ಯಾಂಕ್ ಕಾರ್ಡಿನದು ಇನ್ನೂ ಗಟ್ಟಿ ಉಪಾಯ. ಪ್ರತಿ ವ್ಯವಹಾರಕ್ಕೂ ಚಿಪ್ ಹೊಸ ಸಂಕೇತ ಹುಟ್ಟಿಸುತ್ತದೆ, ನಿನ್ನೆಯದು ಇಂದು ನಡೆಯದು. ಆದರೂ 5,000 ರೂಪಾಯಿವರೆಗೆ ಪಿನ್ ಬೇಕಾಗಿಲ್ಲದ ಕಾರಣ, ತಾಗಿಸುವ ಸೌಲಭ್ಯ ಬೇಡವೆಂದರೆ ಬ್ಯಾಂಕಿನ ಆ್ಯಪ್‌ನಲ್ಲೇ ಅದನ್ನು ನಿಲ್ಲಿಸಿಡಬಹುದು.

ಗುಪ್ತಲಿಪಿ ಇದ್ದರೆ ಸಾಲದು, ಅದು ಒಳ್ಳೆಯದೂ ಆಗಿರಬೇಕು. ಲಂಡನ್ನಿನ ಬಸ್ಸು, ರೈಲುಗಳ ಕಾರ್ಡಿನಲ್ಲಿದ್ದ ಮೈಫೇರ್ ಕ್ಲಾಸಿಕ್ ಎಂಬ ಚಿಪ್ಪಿನ ಲಿಪಿಯನ್ನು ತಯಾರಕರು ಗುಟ್ಟಾಗಿಟ್ಟಿದ್ದರು. 2008ರಲ್ಲಿ ನೆದರ್ಲೆಂಡ್ಸಿನ ನೈಮೇಗನ್ ವಿಶ್ವವಿದ್ಯಾಲಯದವರು ಅದನ್ನು ಮುರಿದು ತೋರಿಸಿದರು. ಪ್ರಕಟಿಸದಂತೆ ತಡೆಯಲು ಕಂಪೆನಿ ಕೋರ್ಟಿಗೆ ಹೋಯಿತು; ಕೋರ್ಟು ಒಪ್ಪಲಿಲ್ಲ. ಬೀಗದ ರಚನೆಯನ್ನು ಗುಟ್ಟಾಗಿಟ್ಟ ಮಾತ್ರಕ್ಕೆ ಬೀಗ ಗಟ್ಟಿಯಾಗದು.

ಗಲ್ಫಿನಲ್ಲಿ ಮಕ್ಕಳಿರುವ ಮನೆಯವರು ಗಮನಿಸಬೇಕಾದ ಸಂಗತಿ ಪಾಸ್‌ಪೋರ್ಟಿನದು. ಅಮೆರಿಕ 2005ರಲ್ಲಿ ಚಿಪ್ ಇರುವ ಪಾಸ್‌ಪೋರ್ಟಿನ ಪ್ರಸ್ತಾವ ಮುಂದಿಟ್ಟಾಗ ದೂರದಿಂದಲೇ ಓದಬಹುದೆಂಬ ಆತಂಕದಿಂದ ಸಾರ್ವಜನಿಕರು ಎರಡು ಸಾವಿರಕ್ಕೂ ಹೆಚ್ಚು ಅಭಿಪ್ರಾಯ ಬರೆದರು, ಬಹುಪಾಲು ವಿರೋಧವೇ. ಸರಕಾರ ಮಣಿದು ರಟ್ಟಿನೊಳಗೆ ಲೋಹದ ಪದರ ಹಾಕಿತು, ಚಿಪ್ಪಿಗೂ ಬೀಗ ಹಾಕಿತು. ಭಾರತದಲ್ಲಿ 2024ರಿಂದ ಹಂತಹಂತವಾಗಿ ಬಂದಿರುವ ಇ-ಪಾಸ್‌ಪೋರ್ಟಿನ ಮುಂಬದಿಯಲ್ಲಿ ಸಣ್ಣ ಹೊಂಬಣ್ಣದ ಚಿಹ್ನೆ ಇರುತ್ತದೆ. ಜಗತ್ತಿನಾದ್ಯಂತ ಇಂಥ ಪಾಸ್‌ಪೋರ್ಟುಗಳ ಬೀಗದ ಕೀಲಿ ಇರುವುದು ಫೋಟೊ ಪುಟದಲ್ಲೇ. ಸಾಮಾನ್ಯವಾಗಿ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಅವಧಿ ಮುಗಿಯುವ ದಿನ ಸೇರಿದರೆ ಕೀಲಿಯಾಯಿತು. ಟ್ರಾವೆಲ್ಸಿನವರಿಗೆ, ನೆಂಟರಿಗೆ, ಗುಂಪುಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಆ ಪುಟದ ಫೋಟೊ ಕಳುಹಿಸುವವರು ಕೀಲಿಯನ್ನೇ ಹಂಚುತ್ತಿದ್ದಾರೆ. ಅಗತ್ಯವಿದ್ದವರಿಗೆ ಮಾತ್ರ ಕೊಟ್ಟು, ಕೆಲಸವಾದ ಮೇಲೆ ಅಳಿಸಲು ಹೇಳಿ.

ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಆಯಿತು, ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಒಂದು ಕೆಲಸಕ್ಕೆ ಪಡೆದ ವಿವರವನ್ನು ಇನ್ನೊಂದಕ್ಕೆ ಬಳಸಬಾರದು ಎಂಬುದು ಇದರ ತಿರುಳು. ಆದರೆ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ತನ್ನಲ್ಲೇ ಇಟ್ಟುಕೊಂಡಿದೆ. ನಮ್ಮ ಹಸುವಿಗೆ ಇಲ್ಲಿಯೂ ಕೆಲಸ ಇದ್ದೀತು.

ಕೊನೆಗೆ, ಫಾಸ್ಟ್ಯಾಗ್ ಇರುವವರಿಗೆ ಕೆಲವು ಮಾತು. ಹಣ ಹೋಗುವುದು ವಾಚಿನಿಂದಲ್ಲ, ಫೋನ್ ಕರೆಯಿಂದ. ‘ಕೆವೈಸಿ ಮುಗಿದಿದೆ, ಲಿಂಕ್ ಒತ್ತಿ’ ಎಂದವರಿಗೆ ಒಟಿಪಿ ಹೇಳಬಾರದು. ಸಂಶಯವಿದ್ದರೆ ಹೆದ್ದಾರಿ ಪ್ರಾಧಿಕಾರದ 1033ಕ್ಕೆ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕಾರು ಮಾರುವಾಗ ಆರ್‌ಸಿ ಬದಲಿಸಿದಷ್ಟೇ ಜಾಗ್ರತೆಯಿಂದ ಫಾಸ್ಟ್ಯಾಗ್ ಖಾತೆಯನ್ನೂ ಮುಚ್ಚಿಸಿ, ಚೀಟಿಯನ್ನು ಕಿತ್ತು ಹರಿದುಹಾಕಿ. ಇಲ್ಲವಾದರೆ ಕೊಂಡವರ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ, ಅವರು ಯಾವ ಟೋಲ್ ಎಷ್ಟು ಗಂಟೆಗೆ ದಾಟಿದರೆಂಬ ಸಂದೇಶ ನಿಮ್ಮ ಮೊಬೈಲಿಗೆ ಬರುತ್ತಿರುತ್ತದೆ. ಹಳೆಯ ಕಾರು ಕೊಂಡವರೂ ಅಷ್ಟೆ: ಗಾಜಿನ ಮೇಲೆ ಹಿಂದಿನ ಮಾಲಕರ ಚೀಟಿ ಉಳಿದಿದೆಯೇ ಎಂದು ಮೊದಲು ನೋಡಿಕೊಳ್ಳಿ.