ಮುಳುಗದ ಸೂರ್ಯನ ಕರೆಂಟು

ಚಿಕ್ಕೋಡಿ ಸೀಮೆಗೆ ಸೌರ ವಿದ್ಯುತ್ ಹೊಸದಲ್ಲ. ಕರ್ನಾಟಕ ವಿದ್ಯುತ್ ನಿಗಮ ಮೊದಮೊದಲು ಕಟ್ಟಿದ ಮೂರು ಸೌರ ಘಟಕಗಳಲ್ಲಿ ಒಂದು ಚಿಕ್ಕೋಡಿ ತಾಲ್ಲೂಕಿನ ಇಟ್ನಾಳದಲ್ಲಿದೆ. ಉಳಿದೆರಡು ಕೋಲಾರ ಜಿಲ್ಲೆಯ ಯಳೇಸಂದ್ರ ಮತ್ತು ರಾಯಚೂರು ಜಿಲ್ಲೆಯ ಯಾಪಲದಿನ್ನಿಯಲ್ಲಿವೆ. ತಲಾ 3 ಮೆಗಾವಾಟ್ ಸಾಮರ್ಥ್ಯದ ಈ ಘಟಕಗಳ ಗುರಿ ಸ್ಪಷ್ಟವಾಗಿತ್ತು: ಹಗಲಿನಲ್ಲೇ ನೀರಾವರಿ ಪಂಪ್‌ಸೆಟ್‌ಗಳಿಗೆ ಕರೆಂಟು ಕೊಡುವುದು.

ಕೃಷ್ಣೆ, ದೂಧಗಂಗಾ, ವೇದಗಂಗಾ ಹರಿಯುವ ಈ ಭಾಗದಲ್ಲಿ ನಿಪ್ಪಾಣಿಯಿಂದ ಅಥಣಿವರೆಗೆ ಕಬ್ಬು ಬೆಳೆಯುವವರ ದಿನಚರಿಯನ್ನು ತ್ರೀ ಫೇಸ್ ಕರೆಂಟಿನ ಪಾಳಿಯೇ ನಿರ್ಧರಿಸುತ್ತದೆ. ಪಾಳಿ ರಾತ್ರಿಗೆ ಬಿದ್ದರೆ ಬ್ಯಾಟರಿ ಹಿಡಿದು, ಹಾವಿನ ಭಯದಲ್ಲೇ ನೀರು ಹಾಯಿಸಲು ಹೊರಡಬೇಕು. ಕಾಗವಾಡ ತಾಲ್ಲೂಕಿನ ಉಗಾರದಂಥ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ತಯಾರಿಸುತ್ತವೆ ನಿಜ, ಆದರೆ ಅದು ಹೆಚ್ಚಾಗಿ ನುರಿಸುವ ಹಂಗಾಮಿನ ಮಾತು. ಸೌರ ಫಲಕಕ್ಕೆ ರಾತ್ರಿಯೂ ಅಡ್ಡಿ, ಮೋಡವೂ ಅಡ್ಡಿ.

ಈ ಎರಡೂ ಅಡ್ಡಿ ಇಲ್ಲದ ಜಾಗವೊಂದಿದೆ. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ವರ್ಷದ ಬಹುಪಾಲು ದಿನ ಕತ್ತಲೆಯೇ ಆಗುವುದಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಮಾತ್ರ ದಿನಕ್ಕೆ ಹೆಚ್ಚೆಂದರೆ ಸುಮಾರು 70 ನಿಮಿಷ ಭೂಮಿಯ ನೆರಳು ಬೀಳುತ್ತದೆ. ಅಲ್ಲಿ ಫಲಕಗಳನ್ನು ಹರಡಿ, ವಿದ್ಯುತ್ತನ್ನು ಮೈಕ್ರೋವೇವ್ ಆಗಿಸಿ ನೆಲಕ್ಕೆ ಕಳುಹಿಸಬಹುದು ಎಂದು ಅಮೆರಿಕದ ಎಂಜಿನಿಯರ್ ಪೀಟರ್ ಗ್ಲೇಸರ್ 1968ರಲ್ಲೇ ಬರೆದರು. ಆ ಅಲೆಗಳು ಮೋಡ ದಾಟಿ ಬರುತ್ತವೆ. ನೆಲದ ಮೇಲೆ ಹರಡಿದ ಆಂಟೆನಾ ಜಾಲ ಅವನ್ನು ಮತ್ತೆ ವಿದ್ಯುತ್ತಾಗಿಸುತ್ತದೆ.

ಅಲೆ ಸುಟ್ಟುಹಾಕೀತೇ ಎಂಬ ಆತಂಕ ಸಹಜ. 1970ರ ದಶಕದ ಕೊನೆಗೆ ನಾಸಾ ಮತ್ತು ಅಮೆರಿಕದ ಇಂಧನ ಇಲಾಖೆ ರೂಪಿಸಿದ 5,000 ಮೆಗಾವಾಟ್ ವಿನ್ಯಾಸದಲ್ಲಿ ಕಿರಣದ ನಡುಭಾಗದ ತೀವ್ರತೆ ಚದರ ಮೀಟರಿಗೆ ಸುಮಾರು 230 ವಾಟ್. ನಡುಮಧ್ಯಾಹ್ನದ ಬಿಸಿಲಿನ ಕಾಲುಭಾಗದಷ್ಟು. ಆದರೂ ಜನ ಅದರಡಿ ವಾಸಿಸುವಂತಿಲ್ಲ. ಆಂಟೆನಾ ಜಾಲಕ್ಕೆ ಸುಮಾರು 10 ಕಿ.ಮೀ. ಅಗಲ, 13 ಕಿ.ಮೀ. ಉದ್ದದ ನೆಲವೂ ಬೇಕು. ರಾಯಬಾಗದ ಕಬ್ಬಿನ ಭೂಮಿಯನ್ನು ಅದಕ್ಕೆ ಕೊಡಬೇಕಿಲ್ಲ. ಬರಡು ನೆಲದಲ್ಲಿ ಹಿಡಿದ ವಿದ್ಯುತ್ತನ್ನು ತಂತಿಯೇ ಇಲ್ಲಿಗೆ ತಂದೀತು.

ಪ್ರಯೋಗಗಳು ಸಾಗಿವೆ. 2015ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿ 10 ಕಿಲೋವಾಟ್ ಶಕ್ತಿಯನ್ನು ತಂತಿಯಿಲ್ಲದೆ ರವಾನಿಸಿ, 500 ಮೀಟರ್ ದೂರದಲ್ಲಿ ದೀಪ ಬೆಳಗಿಸಿತು. 2023ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಉಪಕರಣ ಬಾಹ್ಯಾಕಾಶದಿಂದ ಕಳುಹಿಸಿದ ಕಿರಣ ನೆಲದಲ್ಲಿ ಪತ್ತೆಯಾಯಿತು. ಎ.ಪಿ.ಜೆ. ಅಬ್ದುಲ್ ಕಲಾಂ 2010ರಲ್ಲೇ ಅಮೆರಿಕದ ನ್ಯಾಷನಲ್ ಸ್ಪೇಸ್ ಸೊಸೈಟಿ ಜೊತೆ ಸೇರಿ ಬಾಹ್ಯಾಕಾಶದ ಸೌರ ವಿದ್ಯುತ್ತಿಗಾಗಿ ದನಿಯೆತ್ತಿದ್ದರು.

ದೊಡ್ಡ ತಡೆ ವೆಚ್ಚ. ಇಂದಿನ ಲೆಕ್ಕದಲ್ಲಿ ಈ ವಿದ್ಯುತ್ತು ನೆಲದ ಸೌರ, ಪವನ ವಿದ್ಯುತ್ತಿಗಿಂತ 12ರಿಂದ 80 ಪಟ್ಟು ದುಬಾರಿಯಾದೀತೆಂದು 2024ರ ನಾಸಾ ವರದಿ ಹೇಳಿದೆ. ಸಾವಿರಾರು ಟನ್ ಸಾಮಗ್ರಿಯನ್ನು ಮೇಲೇರಿಸುವ ಖರ್ಚೇ ಅದಕ್ಕೆ ಮುಖ್ಯ ಕಾರಣ.

ಹಾಗಾಗಿ ಆಕಾಶ ನೋಡುತ್ತ ಕೂರುವ ಕಾಲ ಇದಲ್ಲ. ಇಟ್ನಾಳದಲ್ಲಿ ಇಟ್ಟ ಹೆಜ್ಜೆ ಪ್ರತಿ ಪಂಪ್‌ಸೆಟ್ ಫೀಡರಿಗೂ ತಲುಪಿ, ರೈತರ ರಾತ್ರಿ ಪಾಳಿ ಮೊದಲು ತಪ್ಪಬೇಕು. ಜೊತೆಗೇ ಇಸ್ರೊದ ಉಪಗ್ರಹಗಳು ರೂಪುಗೊಳ್ಳುವ ಬೆಂಗಳೂರಿನಲ್ಲಿ ಈ ಸಂಶೋಧನೆಗೆ ಹಣ, ಪ್ರಯೋಗಾಲಯ, ಯುವ ಎಂಜಿನಿಯರುಗಳು ಸಿಗಬೇಕು. ಕಕ್ಷೆಯ ಕರೆಂಟು ಅಗ್ಗವಾಗುವ ದಿನ ಬಂದರೆ, ಅದನ್ನು ಕಟ್ಟುವ ವಿದ್ಯೆ ನಮ್ಮಲ್ಲೇ ಇರಲಿ. ಅದರ ಮೊದಲ ಹಕ್ಕು ಕತ್ತಲೆಯಲ್ಲಿ ನೀರು ಹಾಯಿಸಿದವರಿಗೆ ಸೇರಲಿ.