ಎರವಲು ಸೇವೆಯ ವಕೀಲ: ಧಣಿ ಯಾರು?

ಸುಗ್ಗಿಯ ಕಾಲದಲ್ಲಿ ಒಂದು ಅಂಗಡಿಯ ಗುಮಾಸ್ತ ತಿಂಗಳ ಮಟ್ಟಿಗೆ ಪಕ್ಕದ ಅಂಗಡಿಯಲ್ಲಿ ಕುಳಿತು ಕಿರ್ದಿ ಖಾತೆ ಬರೆದುಕೊಟ್ಟರೆ ತಂಬ್ರಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳ ವರ್ತಕರಿಗೆ ಅದೇನೂ ಅಚ್ಚರಿಯಲ್ಲ. ಸಂಬಳ ಹಳೆಯ ಧಣಿಯದು, ಆಜ್ಞೆ ಹೊಸ ಧಣಿಯದು. ಸುಗ್ಗಿ ಮುಗಿದೊಡನೆ ಆತ ತನ್ನ ಗಾದಿಗೆ ಮರಳುತ್ತಾನೆ. ಇದೇ ಏರ್ಪಾಡು ಸಮುದ್ರ ದಾಟಿದಾಗ ಅದಕ್ಕೆ ‘ಸೆಕೆಂಡ್‌ಮೆಂಟ್’ ಎಂದು ಹೆಸರು.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಐದು ವರ್ಷಗಳ ಪದವಿ ತರಗತಿಗಳು ಆರಂಭವಾದ ಮೇಲೆ ಕೋರ್ಟಿನ ಮೆಟ್ಟಿಲಿಗಿಂತ ಕಂಪನಿಗಳ ಕರಾರುಪತ್ರಗಳತ್ತ ಹೊರಳಿದ ತರುಣರು ಅನೇಕರು. ಇಂಥ ವಕೀಲನನ್ನು ಆತನ ಸಂಸ್ಥೆಯು ವಿದೇಶದ ಕಚೇರಿಗೋ, ಕಕ್ಷಿದಾರ ಕಂಪನಿಯ ಕಾನೂನು ವಿಭಾಗಕ್ಕೋ ಕೆಲಕಾಲ ಕಳುಹಿಸಿಕೊಡುವುದುಂಟು. ಅಲ್ಲಿ ಆತ ಕೊಳ್ಳುವವರ ಮಗ್ಗುಲಲ್ಲಿ ಕುಳಿತು ಕರಾರನ್ನು ಓದುತ್ತಾನೆ. ತಂಟೆ ಬಂದರೆ ಲಂಡನ್ನಿನಲ್ಲೋ ಸಿಂಗಪುರದಲ್ಲೋ ಮಧ್ಯಸ್ಥಿಕೆ ಎಂಬ ಒಂದು ಸಾಲು ಸಣ್ಣ ರಫ್ತುದಾರನಿಗೆ ಎಷ್ಟು ದುಬಾರಿಯೆಂಬುದು ಆಗ ಅರಿವಾಗುತ್ತದೆ. ನಮ್ಮ ಉದ್ದಿಮೆದಾರರಿಗೆ ಬೇಕಾಗಿರುವುದು ಈ ಅನುಭವವೇ.

ಆದರೆ ಆತ ಯಾರ ನೌಕರ? ಪೂರ್ಣಾವಧಿಯ ಸಂಬಳದ ನೌಕರನಾದ ವಕೀಲನು ವಕೀಲಿ ವೃತ್ತಿ ನಡೆಸುವಂತಿಲ್ಲವೆಂದು ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮ ಹೇಳುತ್ತದೆ. ಹೀಗಾಗಿ ಸನದಿನ ಪ್ರಶ್ನೆಯೂ ಧಣಿಯ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ತೆರಿಗೆಯ ವಿಷಯದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ದೊರೆತದ್ದು ಬೆಂಗಳೂರಿನ ಪ್ರಕರಣವೊಂದರಲ್ಲಿ. ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಕಂಪನಿಯು ತನ್ನ ವಿದೇಶಿ ಸಮೂಹ ಸಂಸ್ಥೆಗಳಿಂದ ನೌಕರರನ್ನು ಎರವಲು ಪಡೆದಿತ್ತು. ಅವರ ಮೇಲಿನ ದೈನಂದಿನ ಹಿಡಿತ ಬೆಂಗಳೂರಿನದೇ ಆಗಿತ್ತು. ಆದರೂ ಅವಧಿ ಮುಗಿದೊಡನೆ ಅವರು ಮರಳಬೇಕಾದುದು ಮೂಲ ಸಂಸ್ಥೆಗೆ. ನೌಕರಿಯ ಷರತ್ತುಗಳೂ ಅಲ್ಲಿಯವೇ. ಆದುದರಿಂದ ನಿಜವಾದ ಧಣಿ ವಿದೇಶಿ ಸಂಸ್ಥೆಯೇ, ಇದು ಮಾನವಶಕ್ತಿ ಪೂರೈಕೆಯ ಸೇವೆ, ಸೇವೆ ಪಡೆದವರೇ ಸೇವಾ ತೆರಿಗೆ ಕಟ್ಟಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ 19ರಂದು ತೀರ್ಪಿತ್ತಿತು. ತೆರಿಗೆ ತಪ್ಪಿಸುವ ದುರುದ್ದೇಶ ಕಾಣದ ಕಾರಣ, ವಿಸ್ತರಿತ ಕಾಲಮಿತಿ ಬಳಸಿ ಹಳೆಯ ವರ್ಷಗಳ ಬಾಕಿ ಕೇಳಿದ್ದನ್ನು ಮಾತ್ರ ಒಪ್ಪಲಿಲ್ಲ. ಬಳಿಕ ಜಿಎಸ್‌ಟಿ ನೋಟಿಸುಗಳು ಹಲವರ ಬಾಗಿಲಿಗೆ ಬಂದವು. ಈ ತೀರ್ಪನ್ನು ಕಣ್ಣುಮುಚ್ಚಿ ಎಲ್ಲೆಡೆ ಅನ್ವಯಿಸದೆ ಪ್ರತಿ ಕರಾರಿನ ಸ್ವರೂಪವನ್ನು ನೋಡಬೇಕೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೇ 2023ರ ಡಿಸೆಂಬರ್ 13ರಂದು ತನ್ನ ಅಧಿಕಾರಿಗಳಿಗೆ ಸೂಚಿಸಬೇಕಾಯಿತು.

ಇದು ದೊಡ್ಡ ಕಂಪನಿಗಳ ತಲೆನೋವೆಂದು ಸಣ್ಣ ಉದ್ದಿಮೆದಾರರು ಸುಮ್ಮನಿರುವಂತಿಲ್ಲ. ವಿದೇಶಿ ಯಂತ್ರ ತಯಾರಕರ ತಂತ್ರಜ್ಞನೊಬ್ಬ ನಮ್ಮ ಘಟಕದಲ್ಲಿ ಆರು ತಿಂಗಳು ನಿಂತು, ಅವನ ಸಂಬಳವನ್ನು ನಾವು ತುಂಬಿಕೊಟ್ಟರೂ ಇದೇ ಪ್ರಶ್ನೆ ಏಳುತ್ತದೆ. ಕೆಲಸದಿಂದ ತೆಗೆಯುವ ಅಧಿಕಾರ ಯಾರದು, ಸಂಬಳದ ಹೊಣೆ ಯಾರದು, ಅವಧಿ ಮುಗಿದ ಮೇಲೆ ಆತ ಹೋಗುವುದು ಎಲ್ಲಿಗೆ ಎಂಬುದನ್ನು ಆತ ಬರುವ ಮೊದಲೇ ಪತ್ರದಲ್ಲಿ ಬರೆದಿಡುವುದು ಲೇಸು. ನೋಟಿಸು ಬಂದ ಮೇಲೆ ಬರೆದ ಪತ್ರಕ್ಕೆ ಬೆಲೆ ಕಡಿಮೆ.

ಹೊರದೇಶಕ್ಕೆ ಹೊರಡುವ ತರುಣರ ಮನೆಯವರು ಗಮನಿಸಬೇಕಾದುದೂ ಒಂದಿದೆ. ಭಾರತದೊಡನೆ ಸಾಮಾಜಿಕ ಭದ್ರತಾ ಒಪ್ಪಂದವಿರುವ ದೇಶಕ್ಕೆ ನಿಯೋಜಿತರಾದರೆ, ಭವಿಷ್ಯನಿಧಿ ಸಂಘಟನೆಯಿಂದ ಪ್ರಮಾಣಪತ್ರ ಪಡೆದು ನಿಗದಿತ ಅವಧಿಯವರೆಗೆ ಅಲ್ಲಿಯ ವಂತಿಗೆಯಿಂದ ವಿನಾಯಿತಿ ಪಡೆಯಬಹುದು. ಬೆಲ್ಜಿಯಂ ಜೊತೆಗಿನ ಇಂಥ ಒಪ್ಪಂದ 2009ರ ಸೆಪ್ಟೆಂಬರ್ 1ರಿಂದಲೇ ಜಾರಿಯಲ್ಲಿದೆ. ಪ್ರಮಾಣಪತ್ರವನ್ನು ಊರು ಬಿಡುವ ಮುನ್ನವೇ ಪಡೆದುಕೊಂಡರೆ ಮುಂದಿನ ಓಡಾಟ ತಪ್ಪುತ್ತದೆ.